ಪಾಸ್ಟರಮ್ಮನ ದುಡಿಮೆಗೂ ಲೆಕ್ಕವಿರಲಿ

ಮಾನ್ಯರೇ,

ಹಾಸನ ಸುತ್ತಲಿನ ಸಣ್ಣ ಬ್ಯಾಪ್ಟಿಸ್ಟ್ ಕ್ರೈಸ್ತ ಸಭೆಗಳಲ್ಲಿ ಸಂಬಳ ಪಾಸ್ಟರಿಗೆ, ದುಡಿಮೆ ಗಂಡ ಹೆಂಡತಿ ಇಬ್ಬರದು. ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನಕ್ಕೆ ಬೇಕಾದ ದ್ರಾಕ್ಷಾರಸಕ್ಕಾಗಿ ಕಪ್ಪು ಒಣದ್ರಾಕ್ಷಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ ಸೋಸುವುದು ಪಾಸ್ಟರಮ್ಮನೇ. ಎರಡು ದಿನ ಮೊದಲೇ ಮಾಡಿಟ್ಟರೆ ಸೆಕೆಗೆ ಹುಳಿ ಬರುತ್ತದೆ. ದೀಕ್ಷಾಸ್ನಾನದಲ್ಲಿ ಪೂರ್ತಿ ಮುಳುಗಿಸುವುದರಿಂದ ತೆಳು ಸೀರೆ ಮೊದಲು ತೇಲುತ್ತದೆ, ಆಮೇಲೆ ಮೈಗಂಟುತ್ತದೆ. ಹೆಂಗಸರಿಗೆ ದಪ್ಪನೆಯ ಗಾಢಬಣ್ಣದ ಬಟ್ಟೆ ಹೊಂದಿಸಿ, ಸೆರಗಿಗೆ ಪಿನ್ ಹಾಕಿ, ತೊಟ್ಟಿಯ ಮೆಟ್ಟಿಲಲ್ಲಿ ಟವೆಲ್ ಹಿಡಿದು ನಿಲ್ಲುವವರೂ ಅವರೇ.

ಬಂಗಾಳದ ಸೆರಾಂಪುರದಲ್ಲಿ ಹ್ಯಾನಾ ಮಾರ್ಷ್‌ಮನ್ 1800ರಲ್ಲಿ ಪತಿ ಜೋಶುವಾ ಜೊತೆ ವಸತಿಶಾಲೆ ತೆರೆದರು. ಬ್ಯಾಪ್ಟಿಸ್ಟ್ ಮಿಷನ್ನಿನ ಖರ್ಚಿಗೆ ಆ ಶಾಲೆಯ ವರಮಾನವೇ ದೊಡ್ಡ ಆಸರೆಯಾಯಿತು. ಹೊಗಳಿಕೆ ಮಾತ್ರ ಇಂದಿಗೂ ಗಂಡಸರ ಪಾಲಿಗೇ.

ಪಾಸ್ಟರ್ ತೀರಿಕೊಂಡರೆ ಸಭೆಯ ಮನೆಯೂ ಕೈಬಿಡುತ್ತದೆ, ಇದು ಅನ್ಯಾಯ. ಕನಿಷ್ಠ 6 ತಿಂಗಳು ಪತ್ನಿ ಅಲ್ಲೇ ಇರಬಹುದೆಂದು ನೇಮಕಾತಿ ಪತ್ರದಲ್ಲೇ ಬರೆಯಿರಿ. ಬ್ಯಾಂಕ್ ಖಾತೆಗೆ ಅವರನ್ನು ನಾಮಿನಿ ಮಾಡಿಸಿ. ವರ್ಷಕ್ಕೆ 436 ರೂಪಾಯಿಯ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯಲ್ಲಿ ಪಾಸ್ಟರ್ ತೀರಿಕೊಂಡರೆ 2 ಲಕ್ಷ ಸಿಗುತ್ತದೆ, ಆದರೆ ಅವರು 50 ವಯಸ್ಸಿನೊಳಗೆ ಸೇರಿರಬೇಕು. ಮೇ ಕೊನೆಯಲ್ಲಿ ಖಾತೆ ಖಾಲಿಯಿದ್ದರೆ ಕಂತು ಕಡಿತವಾಗದೆ ವಿಮೆ ನಿಂತುಹೋಗುತ್ತದೆ. ಸಭೆಯ ಖಜಾಂಚಿಯೇ ಅದನ್ನು ಮುಂಚೆ ನೋಡಿಕೊಳ್ಳಲಿ.

– ಸಭೆಯ ಕೆಲವು ಸದಸ್ಯರು, ಹಾಸನ