ಮಗಳಿಗೊಂದು ಪತ್ರ: ಊರು ನೋಡಿದರೆ ರೇಟೂ ಬರೆದುಕೋ

ಬೀದರ್

ಅವ್ವಾ,

ಆಶೀರ್ವಾದ. ನೀನು ಕಳಿಸಿದ ಕೊಡಗಿನ ಪ್ರವಾಸದ ಬರಹ ಓದಿದೆ. ಫೋಟೋ ಚಂದ ಬಂದಿವೆ. ಬರಹದಲ್ಲಿ ಮಾತ್ರ ‘ಅದ್ಭುತ’, ‘ಸ್ವರ್ಗ’ ಸ್ವಲ್ಪ ಜಾಸ್ತಿಯೇ ಆಯಿತು. ಬಸ್ಸು ಎಷ್ಟೊತ್ತಿಗೆ ಬಂತು, ರೂಮಿನ ಬಾಡಿಗೆ ಎಷ್ಟು, ಒಂದೂ ಇಲ್ಲ. ನಿಮ್ಮವ್ವ ಓದಿಸಿಕೊಂಡು ಕೇಳಿದ್ದು ಇಷ್ಟೇ: “ಅಲ್ಲಿ ಆಕಿ ಉಂಡಿದ್ದೇನಂತ?”

ತಿರುಗುವ ಹುಚ್ಚು ನಿನಗೆ ನನ್ನಿಂದಲೇ ಬಂದಿದ್ದು. ಹಾಗಾಗಿ ತಿರುಗಬೇಡ ಅನ್ನಲು ನನಗೆ ಬಾಯಿಲ್ಲ. ಬರೆಯುವ ಬಗ್ಗೆ ಮಾತ್ರ ಹೇಳುತ್ತೇನೆ, ಕೇಳು.

1470ರ ಸುಮಾರಿಗೆ ನಮ್ಮ ಬೀದರಿಗೆ ರಷ್ಯಾದಿಂದ ಒಬ್ಬ ವ್ಯಾಪಾರಿ ಬಂದಿದ್ದ. ಅಫನಾಸಿ ನಿಕಿತಿನ್, ತ್ವೇರ್ ಎಂಬ ಊರಿನವನು. ದಾರಿಯಲ್ಲಿ ದರೋಡೆಯಾಗಿ ಸರಕೆಲ್ಲ ಕಳೆದುಕೊಂಡಿದ್ದ. ಒಂದು ಕುದುರೆ ಮಾರಿ ನಾಲ್ಕು ಕಾಸು ಮಾಡುವ ಆಸೆ. ಈಗಿನ ಮಹಾರಾಷ್ಟ್ರದ ಜುನ್ನರಿನ ಖಾನ ಅದನ್ನೂ ಕಿತ್ತುಕೊಂಡಿದ್ದ. ಹೇಗೋ ವಾಪಸ್ ಪಡೆದು, ಕೊನೆಗೆ ಇಲ್ಲಿ ಬಂದು ಮಾರಿದ. ಇಲ್ಲಿನ ಸರಕು ತನ್ನ ದೇಶಕ್ಕೆ ಉಪಯೋಗವಿಲ್ಲ, ಮೆಣಸು, ಬಣ್ಣ ಮಾತ್ರ ಸೋವಿ ಎಂದು ಗೊಣಗುತ್ತಲೇ ಬರೆದಿದ್ದಾನೆ. ಆ ಗೊಣಗಾಟವೇ ನನಗೆ ಇಷ್ಟ.

ಇಲ್ಲಿನ ಬಹಮನಿ ಸುಲ್ತಾನನ ಅರಮನೆಗೆ ಏಳು ಬಾಗಿಲು, ಒಂದೊಂದರಲ್ಲೂ ನೂರು ಕಾವಲುಗಾರರು, ನೂರು ಗುಮಾಸ್ತರು. ಒಳಗೆ ಹೋದವರನ್ನೂ ಹೊರಗೆ ಬಂದವರನ್ನೂ ಬರೆದುಕೊಳ್ಳುವುದೇ ಅವರ ಕೆಲಸ. ಹಳ್ಳಿಯ ಜನ ತೀರಾ ಬಡವರು, ಅಮೀರರು ಬೆಳ್ಳಿ ಪಲ್ಲಕ್ಕಿಯಲ್ಲಿ ಓಡಾಡುತ್ತಾರೆ, ಅಂತಲೂ ಬರೆದ. ಆಸ್ಥಾನದಲ್ಲಿ ಸಂಬಳ ತಿನ್ನುವವನು ಇದನ್ನು ಬರೆಯುತ್ತಿದ್ದನೇ? ಕುದುರೆ ಮಾರಲು ಬಂದವನಿಗೆ ಯಾರ ಹಂಗು?

ನಮ್ಮ ಆಳಂದಕ್ಕೂ ಹೋಗಿದ್ದ. ವರ್ಷಕ್ಕೊಮ್ಮೆ ಹತ್ತು ದಿನದ ಸಂತೆ, ಇಪ್ಪತ್ತು ಸಾವಿರದವರೆಗೆ ಕುದುರೆ ಬರುತ್ತವೆ ಎನ್ನುತ್ತಾನೆ. ಆ ಲೆಕ್ಕ ಎಷ್ಟು ಖರೆಯೋ, ವ್ಯಾಪಾರಿಯ ಬಾಯಿ ನೋಡು! ಅಲ್ಲಿಯ ಗೂಗೆಯನ್ನೂ ಬಿಟ್ಟಿಲ್ಲ. ರಾತ್ರಿ ಕೂಗುತ್ತ ಹಾರಾಡುತ್ತದೆ, ಯಾರ ಮನೆ ಮೇಲೆ ಕೂರುತ್ತದೋ ಅಲ್ಲಿ ಒಂದು ಸಾವು, ಕೊಲ್ಲಲು ಹೋದರೆ ಬಾಯಿಂದ ಬೆಂಕಿ! ಬೆಂಕಿಯ ಮಾತು ನಾನು ಕೇಳಿಲ್ಲ. ಆದರೆ ಗೂಗೆ ಕೂಗಿದರೆ ನಿನ್ನಜ್ಜಿ ಈಗಲೂ ಎದ್ದು ಕೂತು ಬೈಯುತ್ತಾಳೆ, ಅಲ್ವಾ?

ಪಾಪ, ಅವನು ಊರು ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. ಬರೆದದ್ದನ್ನು ಬೇರೆ ವ್ಯಾಪಾರಿಗಳು 1475ರಲ್ಲಿ ಮಾಸ್ಕೋಗೆ ಒಯ್ದರು.

ನೀನು ಹೋದ ಸಲ ನಮ್ಮೂರಿನ ಬಿದರಿ ಪಾತ್ರೆಗಳ ಬಗ್ಗೆಯೂ ಬರೆದಿದ್ದೆ, ‘ಕಪ್ಪು ಬೆಳ್ಳಿಯ ಮಾಯೆ’ ಅಂತ. ಮಾಯೆ ಎಲ್ಲಿ ಬಂತು? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಹೂಜಿಯ ಎರಕ ಹೊಯ್ಯುತ್ತಾರೆ. ಉಳಿಯಿಂದ ಸಣ್ಣ ಸಣ್ಣ ಗೀರು ಕೊರೆದು ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಆಮೇಲೆ ಕೋಟೆಯ ಮಣ್ಣು. ಮಳೆ ಬಿಸಿಲು ತಾಗದ ಜಾಗದ್ದೇ ಆಗಬೇಕು. ಕೆಲಸಗಾರರು ಒಂದು ಚಿಟಿಕೆ ನಾಲಿಗೆ ಮೇಲಿಟ್ಟು ರುಚಿ ನೋಡುತ್ತಾರೆ. ಸರಿಯಿದ್ದರೆ ನವಸಾಗರವೆಂಬ ಉಪ್ಪಿನ ಜೊತೆ ನೀರಿಗೆ ಹಾಕಿ ಕುದಿಸಿ, ಹೂಜಿಯನ್ನು ಅದರಲ್ಲಿ ಅದ್ದುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ನಾಲಿಗೆ ನಿನ್ನ ಬರಹದಲ್ಲಿ ಇಲ್ಲ ನೋಡು. ಆ ಹೂಜಿಗೆ ಎಷ್ಟು ದಿನ ಹಿಡಿಯಿತು, ಕೈಗೆ ಎಷ್ಟು ಕೂಲಿ ಬಂತು, ಕೇಳಿದ್ದೆಯಾ? ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸುಮ್ನೆ ಅಂದುಕೊಳ್ಳಬೇಡ. ಚಹಾ ತರಿಸಿ ಕೂರಿಸಿಕೊಂಡು ಹೇಳುತ್ತಾರೆ.

ಎಳ್ಳ ಅಮಾವಾಸ್ಯೆಗೆ ರಜೆ ಹಾಕಿ ಬಾ. ಹೊಲದಲ್ಲಿ ಭಜ್ಜಿ ರೊಟ್ಟಿ ಉಂಡು, ಮರುದಿನ ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗೋಣ. ಚಂದ್ರಲಾಂಬ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತ್ತು. ಪಕ್ಕದ ಕನಗನಹಳ್ಳಿಯಲ್ಲಿ ಅವನ ಹೆಸರು ಕೊರೆದ ಶಿಲ್ಪವೇ ಇದೆ. ಆ ಬಗ್ಗೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ನೀನು ಅಲ್ಲಿಯ ವಯಸ್ಸಾದವರನ್ನು ಮಾತಿಗೆ ಎಳೆ, ಆ ದಿನ ಊರಲ್ಲಿ ಏನಾಯಿತು ಅಂತ ಕೇಳು. ರೈಲಿಗಾದರೆ ನಾಲವಾರದಲ್ಲಿ ಇಳಿಯಬೇಕು, ಅಲ್ಲಿಂದ ಮುಂದೆ ಸಿಕ್ಕ ಗಾಡಿ. ಬಾಡಿಗೆ ಚೌಕಾಸಿ ನಾನು ಮಾಡುತ್ತೇನೆ, ನೀನು ಬರೆದುಕೋ.

ನಿನ್ನ ಅಪ್ಪ