ಚಂದ್ರನ ದೂಳು: ಲೆಕ್ಕ ತಾಳೆಯಾಗದ ವಿವರಣೆ

ಮಾನ್ಯ ಸಂಪಾದಕರೇ,

ಚಂದ್ರನ ದೂಳು ತಾನಾಗಿ ಮೇಲೇಳುವುದಕ್ಕೆ ಜನಪ್ರಿಯ ಬರಹಗಳಲ್ಲಿ ಸಿಗುವ ಕಾರಣ ಹೆಚ್ಚುಕಡಿಮೆ ಒಂದೇ: ಅತಿನೇರಳೆ ಕಿರಣಕ್ಕೆ ಎಲೆಕ್ಟ್ರಾನುಗಳು ಕಿತ್ತುಹೋಗಿ ನೆಲವೂ ಕಣವೂ ಧನ ವಿದ್ಯುದಂಶ ಪಡೆಯುತ್ತವೆ, ಪರಸ್ಪರ ವಿಕರ್ಷಿಸುತ್ತವೆ. ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ.

ಹಗಲಿನಲ್ಲಿ ಚಂದ್ರನ ನೆಲದ ವಿಭವ (ವೋಲ್ಟೇಜ್) ಸುಮಾರು 5 ವೋಲ್ಟ್. ಒಂದು ಮೀಟರ್ ಮೇಲಕ್ಕೆ ಹೋಗುವಷ್ಟರಲ್ಲಿ ಅದು ಬಹುಪಾಲು ಇಳಿದಿರುತ್ತದೆ. 5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ತ್ರಿಜ್ಯದ ಕಣವೂ 5 ವೋಲ್ಟ್‌ಗೆ ಏರಿತೆನ್ನಿ. ಅದು ಕಳೆದುಕೊಂಡಿರುವುದು ಸುಮಾರು 17 ಸಾವಿರ ಎಲೆಕ್ಟ್ರಾನು ಮಾತ್ರ. ಗುರುತ್ವ ನಮ್ಮದರ ಆರನೇ ಒಂದು ಭಾಗವಾದರೂ, ಮೇಲೆತ್ತುವ ಬಲಕ್ಕಿಂತ ಕಣದ ತೂಕವೇ 180 ಪಟ್ಟು ಹೆಚ್ಚು. ಅಕ್ಕಪಕ್ಕದ ಕಣಗಳಿಗೆ ಅಂಟಿಕೊಂಡಿರುವ ಬಲ ಬೇರೆ.

ಹಾಗಿದ್ದೂ 1968ರಲ್ಲಿ ಚಂದ್ರನ ಮೇಲಿಳಿದ ನಾಸಾದ ಸರ್ವೇಯರ್-7 ನೌಕೆಯ ಕ್ಯಾಮೆರಾ, ಸೂರ್ಯ ಮುಳುಗಿದ ಮೇಲೂ ದಿಗಂತಕ್ಕೆ ಅಂಟಿದಂತಿದ್ದ ಬೆಳಕಿನ ಗೆರೆಯನ್ನು ಸೆರೆಹಿಡಿಯಿತು. ನೆಲದಿಂದ ಒಂದು ಮೀಟರಿನೊಳಗೇ ಇದ್ದ ಸಣ್ಣ ಕಣಗಳು ಬೆಳಕನ್ನು ಚದುರಿಸಿದ್ದರಿಂದ ಅದು ಕಂಡಿತೆಂಬುದು ಅಂದಿನ ಅರ್ಥೈಸುವಿಕೆ. 2016ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ತಂಡ ಪ್ರಯೋಗಾಲಯದಲ್ಲಿ ಒಪ್ಪತಕ್ಕ ಕಾರಣ ಕಂಡುಕೊಂಡಿತು. ಕಣಗಳ ನಡುವಿನ ಸೂಕ್ಷ್ಮ ಪೊಳ್ಳುಗಳೊಳಗೆ ಬಿಸಿಲು ಬಿದ್ದಾಗ ಹೊರಬಂದ ಎಲೆಕ್ಟ್ರಾನುಗಳು ಆಚೀಚಿನ ಕಣಗಳ ಒಳಮೈಗೇ ಬಡಿದು ಅಲ್ಲೇ ಉಳಿಯುತ್ತವೆ. ಎದುರುಬದುರಿನ ಮೈಗಳಲ್ಲಿ ಋಣ ವಿದ್ಯುದಂಶ ಕೂಡುತ್ತಾ ಹೋಗುತ್ತದೆ. ಅಂತರ ಕೆಲವೇ ಮೈಕ್ರಾನ್ ಇರುವುದರಿಂದ ವಿಕರ್ಷಣೆ ಹಲವು ಪಟ್ಟು ಬಲವಾಗಿ, ಕಣ ಸಿಡಿಯುತ್ತದೆ. ಅಂದರೆ ಬಿಸಿಲಿನಲ್ಲೂ ಜಿಗಿಯುವ ಕಣಗಳಲ್ಲಿರುವುದು ಋಣ ವಿದ್ಯುದಂಶ! ಪ್ರಯೋಗದಲ್ಲಿ ಅವು ಹಾರಿದ್ದು ಸೆಂಟಿಮೀಟರುಗಳ ಲೆಕ್ಕದಲ್ಲಿ.

ಕಿಲೋಮೀಟರುಗಟ್ಟಲೆ ಎತ್ತರಕ್ಕೆ ಇದೇ ಬಲದಿಂದ ದೂಳು ತೇಲುತ್ತದೆ ಎನ್ನುವುದನ್ನಂತೂ ಬಿಟ್ಟುಬಿಡಬಹುದು. 2013ರಲ್ಲಿ ಹೋದ ನಾಸಾದ ಲ್ಯಾಡೀ ನೌಕೆ ಹುಡುಕಿತು. ಅಪೊಲೊ ಕಾಲದ ಅಂದಾಜಿನ ನೂರನೇ ಒಂದು ಪಾಲಿನಷ್ಟೂ ಸಿಗಲಿಲ್ಲ. ಅದಕ್ಕೆ ಸಿಕ್ಕ ತೆಳು ದೂಳುಮೋಡ ಉಲ್ಕಾಕಣಗಳು ನೆಲಕ್ಕೆ ಅಪ್ಪಳಿಸಿ ಎಬ್ಬಿಸಿದ್ದು.

ನಮ್ಮ ಚಂದ್ರಯಾನ-3ರ ವಿಕ್ರಮ್‌ನಲ್ಲಿ ಒಂದು ಮೀಟರ್ ಉದ್ದದ ತೋಳಿನ ತುದಿಗೆ 5 ಸೆಂ.ಮೀ. ಲೋಹದ ಗೋಳವಿದ್ದ ರಂಭಾ ಉಪಕರಣವಿತ್ತು. ಅದು ಅಳೆದದ್ದು ನೆಲದ ಸಮೀಪದ ಪ್ಲಾಸ್ಮಾವನ್ನು (ಎಲೆಕ್ಟ್ರಾನು, ಅಯಾನುಗಳ ತೆಳು ಅನಿಲವನ್ನು), ದೂಳನ್ನಲ್ಲ. ವಿಕ್ರಮ್ ಬೆಳಗಾದಾಗ ಇಳಿದು, ಸೂರ್ಯಾಸ್ತಕ್ಕೆ ಮೊದಲೇ, 2023ರ ಸೆಪ್ಟೆಂಬರ್ 4ರಂದು ನಿದ್ರೆಗೆ ಜಾರಿತು. ಬ್ಯಾಟರಿ ಉಳಿಸಿಕೊಳ್ಳಲು ಅದು ಸರಿಯಾದ ಕ್ರಮವೇ. ಆದರೆ ದಿಗಂತದ ಬೆಳಕನ್ನು ನೋಡಬೇಕಾದದ್ದು ಸೂರ್ಯ ಮುಳುಗಿದ ಮೇಲೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಖಾಸಗಿ ನೌಕೆ ಬ್ಲೂ ಗೋಸ್ಟ್ ಸೂರ್ಯಾಸ್ತದ ನಂತರವೂ ಸುಮಾರು ಐದು ಗಂಟೆ ಕೆಲಸ ಮಾಡಿ ಚಿತ್ರ ಕಳುಹಿಸಿತು. ಇಸ್ರೊ ಮುಂದಿನ ಲ್ಯಾಂಡರಿನ ಕಾಲಿನ ಬಳಿ, ನೆಲದಿಂದ ಅರ್ಧ ಮೀಟರಿನೊಳಗೆ, ಒಂದು ಕ್ಯಾಮೆರಾವನ್ನೂ ದೂಳಿನ ಸಂವೇದಕವನ್ನೂ ಅಳವಡಿಸಿ, ಕತ್ತಲಾದ ಮೇಲೆ ನಾಲ್ಕೈದು ಗಂಟೆ ನಡೆಯುವಷ್ಟು ಬ್ಯಾಟರಿಯನ್ನು ಅದಕ್ಕೆಂದೇ ಮೀಸಲಿಡಲಿ.

– ಭೌತವಿಜ್ಞಾನ ಅಧ್ಯಾಪಕರು, ಧಾರವಾಡ