ನಂಟು ಬೇರೆ, ಕಾರಣ ಬೇರೆ

ಮಾನ್ಯ ಸಂಪಾದಕರೇ,

ಬಾಯಿಯ ಬ್ಯಾಕ್ಟೀರಿಯಾದಿಂದ ದೊಡ್ಡ ಕರುಳಿನ ಕ್ಯಾನ್ಸರ್ ಬರುತ್ತದೆ ಎಂಬ ಮಾತು ಈಗ ತೀರ್ಮಾನದ ಧಾಟಿಯಲ್ಲಿ ಕೇಳಿಬರುತ್ತಿದೆ. ಅಷ್ಟು ಅವಸರ ಸಲ್ಲದು. ಬಾಯಿಯಲ್ಲಿ ಸಹಜವಾಗಿ ನೆಲೆಸಿದ್ದು, ವಸಡಿನ ರೋಗದಲ್ಲಿ ಹೆಚ್ಚುವ ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಎಂಬ ಸೂಕ್ಷ್ಮಾಣು, ಪಕ್ಕದ ಆರೋಗ್ಯವಂತ ಅಂಗಾಂಶಕ್ಕಿಂತ ಕರುಳಿನ ಗೆಡ್ಡೆಗಳಲ್ಲಿ ಹೇರಳವಾಗಿರುವುದನ್ನು 2012ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ವರದಿ ಮಾಡಿದವು. ಈ ಸೂಕ್ಷ್ಮಾಣುವಿನ ಮೇಲ್ಮೈಯಲ್ಲಿರುವ ಫ್ಯಾಪ್2 ಎಂಬ ಪ್ರೋಟೀನ್, ಗೆಡ್ಡೆಯ ಕೋಶಗಳ ಮೇಲೆ ಹೆಚ್ಚಾಗಿರುವ ಒಂದು ಬಗೆಯ ಸಕ್ಕರೆಗೆ ಅಂಟಿಕೊಳ್ಳುವುದಲ್ಲದೆ, ದಾಳಿಗೆ ಬರುವ ರೋಗನಿರೋಧಕ ಕೋಶಗಳನ್ನೂ ತಡೆಯುತ್ತದೆ. 2017ರ ಅಧ್ಯಯನವೊಂದರಲ್ಲಿ ಯಕೃತ್ತಿಗೆ ಹರಡಿದ ಗೆಡ್ಡೆಯಲ್ಲೂ ಅದು ಜೀವಂತವಾಗಿ ಸಿಕ್ಕಿತು. ಈ ಸೂಕ್ಷ್ಮಾಣುವಿದ್ದ ಮಾನವ ಗೆಡ್ಡೆಯನ್ನು ಕಸಿ ಮಾಡಿದ ಇಲಿಗಳಿಗೆ ಮೆಟ್ರೊನಿಡಜೋಲ್ ಎಂಬ ಬ್ಯಾಕ್ಟೀರಿಯಾನಾಶಕ ಔಷಧ ಕೊಟ್ಟಾಗ ಗೆಡ್ಡೆಯ ಬೆಳವಣಿಗೆ ನಿಧಾನವಾಯಿತು. (ಇಲಿಯ ಫಲಿತಾಂಶ ನಂಬಿ ಯಾರೂ ತಾವಾಗಿಯೇ ಆ ಮಾತ್ರೆ ನುಂಗದಿರಲಿ.)

ಆದರೆ 2024ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಇದರ ಒಂದು ಉಪಗುಂಪೇ ಮುಖ್ಯ, ಅದೂ ಪರೀಕ್ಷಿಸಿದ ಗೆಡ್ಡೆಗಳ ಸುಮಾರು ಅರ್ಧದಲ್ಲಿ ಮಾತ್ರ ಇತ್ತು. ಈ ಸೂಕ್ಷ್ಮಾಣು ಕ್ಯಾನ್ಸರನ್ನು ಹುಟ್ಟಿಸುತ್ತದೆಯೋ, ಮೊದಲೇ ಹುಟ್ಟಿದ ಗೆಡ್ಡೆಯೊಳಗೆ ನುಸುಳಿ ಅದಕ್ಕೆ ಒತ್ತಾಸೆಯಾಗುತ್ತದೆಯೋ ಎಂಬುದಿನ್ನೂ ಇತ್ಯರ್ಥವಾಗಿಲ್ಲ. ವಸಡಿನ ಆರೈಕೆ ಹೇಗೂ ಬೇಕಾದದ್ದೇ. ಆದರೆ ಅದನ್ನು ಕ್ಯಾನ್ಸರ್ ಪತ್ತೆಗೆ ಮಾಡುವ ಮಲಪರೀಕ್ಷೆಗೆ ಅಥವಾ ಕೊಲೊನೋಸ್ಕೋಪಿಗೆ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಗೆ) ಬದಲಿ ಎಂಬಂತೆ ಬರೆಯುವ ಶೀರ್ಷಿಕೆಗಳನ್ನು ಪತ್ರಿಕೆಗಳು ಕೈಬಿಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ